ಲ್ಯಾಪ್‌ಟಾಪ್ ಎಷ್ಟು ತಿನ್ನುತ್ತೆ?

ಬುಧವಾರ ರಾತ್ರಿ ಒಂಬತ್ತು ಗಂಟೆಗೆ ಗುಡಾರದ ದೀಪ ಆರಿಹೋಯಿತು.

ಆಗ ಬುರುಲ್ ಅಜ್ಜಿ ಕುರಿಮಾಂಸದ ಸಾರು ಬಡಿಸುತ್ತಿದ್ದರು. ಸೌಟಿನಲ್ಲಿದ್ದ ಸಾರಿನಲ್ಲಿ ಅರ್ಧ ತಿಲೆಕ್‌ನ ಬಟ್ಟಲಿಗೆ ಬಿತ್ತು. ಉಳಿದರ್ಧ ಅವನ ಮೊಣಕಾಲಿಗೆ ಬಿತ್ತು.

"ಸುಡ್ತು, ಸುಡ್ತು!" ಏಳು ವರ್ಷದ ತಿಲೆಕ್ ಕೂತಲ್ಲೇ ಕುಣಿದ.

"ಸುಮ್ನೆ ಕೂತ್ಕೊಳೋ, ಬಟ್ಟಲು ಉರುಳುತ್ತೆ," ಎಂದರು ಅಜ್ಜಿ. "ಮೂರು ದಿನದಿಂದ ಇದೇ ಕತೆ. ನಾವು ಊಟಕ್ಕೆ ಕೂರೋದು, ಅದು ಆರಿಹೋಗೋದು."

ಕಸಿಂಬೆಕ್ ತಾತ ಕತ್ತಲಲ್ಲೇ ತಡಕಾಡಿ ಮೇಣದಬತ್ತಿ ಹಚ್ಚಿದರು. ಮಿಣಿಮಿಣಿ ಬೆಳಕಿನಲ್ಲಿ ಮೂರು ಮುಖಗಳೂ ಒಂದೇ ಕಡೆ ತಿರುಗಿದವು. ಅಲ್ಲಿ, ಮಡಿಸಿಟ್ಟ ರಜಾಯಿಗಳ ರಾಶಿಗೆ ಒರಗಿ ತಿಲೆಕ್‌ನ ಅಕ್ಕ ಜಿಬೆಕ್ ಕೂತಿದ್ದಳು. ಅವಳ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು. ಅದರ ಪರದೆ ಮಾತ್ರ ಫಳಫಳ ಹೊಳೆಯುತ್ತಿತ್ತು.

ಜಿಬೆಕ್ ಅದನ್ನು ಟಪ್ಪನೆ ಮುಚ್ಚಿದಳು.

"ಈಗ ಮುಚ್ಚಿ ಏನು ಬಂತು?" ಎಂದರು ಅಜ್ಜಿ. "ದೀಪದ ಪಾಲನ್ನೆಲ್ಲ ಅದು ತಿಂದು ತೇಗಿಯಾಯ್ತು."

"ಇದು ಅಷ್ಟೊಂದು ತಿನ್ನಲ್ಲ ಅಜ್ಜಿ!"

"ಹಾಗಾದ್ರೆ ನಾನು ತಿಂದ್ನಾ?"

ತಿಲೆಕ್ ಕಿಸಕ್ಕನೆ ನಕ್ಕ. ತಾತ ನಗಲಿಲ್ಲ. ಅವರು ಕಡಿಮೆ ಮಾತಿನವರು. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವವರಲ್ಲ.

"ನಾಳೆಯಿಂದ ಇದಕ್ಕೆ ಚಾರ್ಜ್ ಇಲ್ಲ," ಎಂದರು ತಾತ. "ಭಾನುವಾರ ಬೆಳಿಗ್ಗೆ ಜೊಲ್ದೊಶ್‌ನ ಟ್ರಕ್ ಕೆಳಗೆ ಹೋಗುತ್ತೆ. ಅದ್ರಲ್ಲಿ ಇದೂ ಹೋಗುತ್ತೆ. ಶಾಲೆ ಶುರುವಾದ ಮೇಲೆ ಆಡ್ಕೋ."

ಜಿಬೆಕ್ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡಳು. "ತಾತ, ಶನಿವಾರ ಸಿನಿಮಾ ಇದೆ!"

ಎತ್ತರದ ಬೆಟ್ಟಗಳ ನಡುವಿನ ಸೊಂಗ್-ಕೊಲ್ ಸರೋವರದ ದಡದಲ್ಲಿ ಕರೆಂಟ್ ಕಂಬಗಳಿಲ್ಲ. ಬೇಸಿಗೆಯಲ್ಲಿ ಕುದುರೆ, ಕುರಿಗಳ ಜೊತೆ ಮೇಲೆ ಬರುವವರು ತಮ್ಮ ಕರೆಂಟನ್ನೂ ತಾವೇ ತರಬೇಕು. ತಾತನ ಗುಡಾರದ ಪಕ್ಕದಲ್ಲಿ ತಗಡಿನ ಹಳೆಯ ಬಂಡಿಮನೆ ನಿಂತಿತ್ತು. ಹಾಲಿನ ಕ್ಯಾನು, ಹಿಟ್ಟಿನ ಮೂಟೆ ಇಡುವುದು ಅದರೊಳಗೆ. ಅದರ ಚಾವಣಿಯ ಮೇಲೆ ಒಂದು ಸೋಲಾರ್ ಪ್ಯಾನೆಲ್ ಮಲಗಿತ್ತು. ಹಗಲಲ್ಲಿ ಅದು ಟ್ರಕ್‌ನ ಹಳೆಯ ಬ್ಯಾಟರಿಯೊಂದನ್ನು ತುಂಬಿಸುತ್ತಿತ್ತು. ರಾತ್ರಿ ಆ ಬ್ಯಾಟರಿಯಿಂದ ದೀಪ, ರೇಡಿಯೊ, ಎರಡು ಫೋನು ನಡೆಯುತ್ತಿದ್ದವು. ಎರಡು ವಾರದ ಹಿಂದೆ ಜಿಬೆಕ್ ಮತ್ತು ತಿಲೆಕ್ ನರೀನ್ ಪೇಟೆಯಿಂದ ಮೇಲೆ ಬಂದಾಗ ಲ್ಯಾಪ್‌ಟಾಪ್ ಕೂಡ ಆ ಸಾಲಿಗೆ ಸೇರಿತು. ಅದು ಚಿನಾರಾ ಚಿಕ್ಕಮ್ಮ ಕೊಟ್ಟ ಹಳೆಯ ಲ್ಯಾಪ್‌ಟಾಪ್. ಚಿಕ್ಕಮ್ಮ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್.

ಅವರ ಜೊತೆ ಒಂದು ನಾಯಿಮರಿಯೂ ಬಂದಿತ್ತು. ಅದರ ಹೆಸರು ಅಕ್ತೋಶ್. "ಅದು ಇಲ್ಲದೆ ನಾನು ಬರಲ್ಲ" ಎಂದು ಜಿಬೆಕ್ ಟ್ರಕ್ ಮುಂದೆ ನಿಂತು ಹಟ ಮಾಡಿದ್ದಳು.

ಸಿನಿಮಾದ ಹೆಸರು "ಮೂಳೆ ಕುದುರೆಗಳ ರೇಸ್". ಕುರಿಯ ಕಾಲಿನ ಗೆಣ್ಣುಮೂಳೆಗಳಿಂದ ಮಕ್ಕಳೆಲ್ಲ ಚುಕೊ ಆಡುತ್ತಾರಲ್ಲ, ಆ ಮೂಳೆಗಳೇ ಅದರ ಪಾತ್ರಗಳು. ಜಿಬೆಕ್ ಅವಕ್ಕೆ ಬಣ್ಣ ಬಳಿದಿದ್ದಳು. ಮೂಳೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೊ ತೆಗೆಯುವುದು, ಮತ್ತೆ ಸರಿಸುವುದು. ಹಾಗೆ ನೂರಾರು ಫೋಟೊ ತೆಗೆದು ಪೋಣಿಸಿದರೆ ಮೂಳೆಗಳು ಓಡತೊಡಗುತ್ತವೆ. ಕೆಂಪು ಮೂಳೆ ಬೀಳುತ್ತದೆ, ಏಳುತ್ತದೆ, ಕೊನೆಗೆ ಗೆಲ್ಲುತ್ತದೆ. ಆದರೆ ಗೆಲ್ಲುವ ಭಾಗ ಇನ್ನೂ ಬಾಕಿ ಇತ್ತು. ಇತ್ತ ತಿಲೆಕ್ ಕತ್ತೆ ಹತ್ತಿ ದಡದ ಗುಡಾರಗಳಿಗೆಲ್ಲ ಹೋಗಿ "ಶನಿವಾರ ಸಂಜೆ ಸಿನಿಮಾ, ಎಲ್ಲರೂ ಬನ್ನಿ" ಎಂದು ಆಗಲೇ ಕೂಗಿ ಬಂದಿದ್ದ.

"ತಾತ, ನಾನು ಅಳೆದು ತೋರಿಸ್ತೀನಿ," ಎಂದಳು ಜಿಬೆಕ್. "ಇದು ಎಷ್ಟು ತಿನ್ನುತ್ತೆ ಅಂತ ಇದೇ ಹೇಳುತ್ತೆ. ಅದಕ್ಕೊಂದು ಪ್ರೋಗ್ರಾಂ ಇದೆ. ಚಿಕ್ಕಮ್ಮ ಹಾಕ್ಕೊಟ್ಟಿದ್ದಾರೆ."

"ಕಳ್ಳನನ್ನೇ ಕೂರಿಸಿ, ಎಷ್ಟು ಕದ್ದೆ ಅಂತ ಕೇಳ್ತೀಯಾ?" ಎಂದರು ಅಜ್ಜಿ.

ತಾತ ಬಟ್ಟಲು ಕೆಳಗಿಟ್ಟರು. "ಅಳೀಲಿ," ಎಂದರು. "ಅಳತೆ ನೋಡೋಣ."

*

ಗುರುವಾರ ಬೆಳಿಗ್ಗೆ ತಾತ ಕುದುರೆಗೆ ಜೀನು ಬಿಗಿಯುವ ಮೊದಲೇ ಜಿಬೆಕ್ ಲ್ಯಾಪ್‌ಟಾಪ್ ತೆರೆದು ಕೂತಳು. ಆಗಲೇ ಬಿಸಿಲು ಬಂದು ಕರೆಂಟ್ ಮರಳಿತ್ತು. ಚಾರ್ಜರ್ ಸಿಕ್ಕಿಸಿಯೇ ಇತ್ತು. ಪ್ರೋಗ್ರಾಂ ತೆರೆದುಕೊಂಡಿತು. ಮೇಲೆ ಒಂದು ಸಾಲು: ಬ್ಯಾಟರಿಯಿಂದ ಹೋಗುತ್ತಿರುವುದು ಎಷ್ಟು ವ್ಯಾಟ್. ಅದರ ಮುಂದೆ ಒಂದು ಅಂಕೆ.

ಜಿಬೆಕ್ ಎದ್ದು ಕುಣಿದಳು. "ಸೊನ್ನೆ! ತಾತ, ಅಜ್ಜಿ, ಬನ್ನಿ ಬನ್ನಿ! ಸೊನ್ನೆ ವ್ಯಾಟ್! ಇದು ಏನೂ ತಿನ್ನೋದೇ ಇಲ್ಲ!"

ತಾತ ಬಂದು ಬಗ್ಗಿ ನೋಡಿದರು. ಪರದೆ ನೋಡಿದರು, ಜಿಬೆಕ್‌ಳನ್ನು ನೋಡಿದರು.

"ನನ್ನ ಹತ್ರ ಎಪ್ಪತ್ತು ಕುದುರೆ ಇದೆ," ಎಂದರು. "ಏನೂ ತಿನ್ನದ ಕುದುರೆ ಒಂದೂ ಇಲ್ಲ. ಇದ್ದಿದ್ರೆ ಅದೊಂದನ್ನೇ ಸಾಕ್ತಿದ್ದೆ."

ಹಾಗೆಂದು, ಒಂದು ಬೆರಳಿಗೆ ವಯರ್ ಸುತ್ತಿ, ಚಾರ್ಜರ್ ಎಳೆದರು.

ಸೊನ್ನೆ ಹೋಯಿತು. ಹನ್ನೆರಡು ಬಂತು.

"ಓಹೋ," ಎಂದರು ಅಜ್ಜಿ, "ಈಗ ಹಸಿವು ನೆನಪಾಯ್ತು ನೋಡು."

ಜಿಬೆಕ್‌ಳ ಕಿವಿ ಬಿಸಿಯಾಯಿತು. ಸೊನ್ನೆ ಸುಳ್ಳಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಚಾರ್ಜರ್ ಸಿಕ್ಕಿಸಿದ್ದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯನ್ನು ಮುಟ್ಟುವುದಿಲ್ಲ. ತಾತನ ಬ್ಯಾಟರಿಯಿಂದ ತಿನ್ನುತ್ತದೆ. ಪ್ರೋಗ್ರಾಂ ತನ್ನ ಬ್ಯಾಟರಿಯ ಖರ್ಚು ಮಾತ್ರ ಹೇಳುತ್ತದೆ. ಕೇಳಿದ್ದಕ್ಕೆ ಅದು ಸರಿಯಾಗಿಯೇ ಉತ್ತರ ಕೊಟ್ಟಿತ್ತು. ಅವಳು ಕೇಳಿದ್ದೇ ತಪ್ಪಾಗಿತ್ತು.

"ಹನ್ನೆರಡು ಅಂದ್ರೆ ಜಾಸ್ತಿಯಾ?" ಎಂದು ಕೇಳಿದ ತಿಲೆಕ್.

ಜಿಬೆಕ್ ತಲೆಯೆತ್ತಿ ದೀಪ ನೋಡಿದಳು. ಬಲ್ಬಿನ ಮೇಲೆ ಆರು ವ್ಯಾಟ್ ಎಂದು ಬರೆದಿತ್ತು.

"ಎರಡು ದೀಪದಷ್ಟು," ಎಂದಳು ಮೆಲ್ಲಗೆ.

ತಾತ ಕುದುರೆ ಹತ್ತಿ ಹೋದರು. ಚಾರ್ಜರ್ ಅಜ್ಜಿಯ ಪೆಟ್ಟಿಗೆಯೊಳಗೆ ಹೋಯಿತು. ಲ್ಯಾಪ್‌ಟಾಪ್‌ನಲ್ಲಿ ಉಳಿದದ್ದು ಶೇಕಡ ಅರವತ್ತು. ಅಳೆಯುವುದಕ್ಕೂ ಅದೇ, ಸಿನಿಮಾ ಮುಗಿಸುವುದಕ್ಕೂ ಅದೇ, ತೋರಿಸುವುದಕ್ಕೂ ಅದೇ.

ಹಾಗಾಗಿ ಜಿಬೆಕ್ ಜಿಪುಣಿಯ ಹಾಗೆ ಅಳೆದಳು. ಪರದೆಯ ಬೆಳಕು ಇಳಿಸಿದಳು. ಹನ್ನೆರಡು ಎಂಟಾಯಿತು. ಪ್ರೋಗ್ರಾಂನ ಕೆಳಭಾಗದಲ್ಲಿ, ಯಾವುದು ಎಷ್ಟು ತಿನ್ನುತ್ತಿದೆ ಎಂಬ ಸಾಲುಗಳಿದ್ದವು. ಅದರಲ್ಲಿ ವೈ-ಫೈ ಹೆಸರು ಕಾಣಿಸಿತು.

"ಇಲ್ಲಿ ವೈ-ಫೈಯೇ ಇಲ್ವಲ್ಲ!" ಎಂದ ತಿಲೆಕ್.

"ಇಲ್ಲ. ಆದ್ರೂ ಹುಡುಕ್ತಾ ಇದೆ."

"ಎರಡು ವಾರದಿಂದ ಹುಡುಕ್ತಾ ಇದೆಯಾ? ಪಾಪ ಕಣೇ. ಸಾಕು ಅನ್ನು ಅದಕ್ಕೆ."

ಜಿಬೆಕ್ ಸಾಕು ಅಂದಳು. ಎಂಟು ಆರಾಯಿತು. ಒಂದು ದೀಪದಷ್ಟು. ಅವಳಿಗೆ ಸ್ವಲ್ಪ ಧೈರ್ಯ ಬಂತು. ಆದರೆ ಫೋಟೊಗಳನ್ನು ಪೋಣಿಸುವ ಕೆಲಸ ಒಂದು ನಿಮಿಷ ಮಾಡಿಸಿದಾಗ ಒಳಗಿನ ಫ್ಯಾನ್ ಗುಯ್ಯೆಂದಿತು. ಅಂಕೆ ಇಪ್ಪತ್ತನಾಲ್ಕಕ್ಕೆ ಹಾರಿತು. ನಾಲ್ಕು ದೀಪ!

ಅವಳು ಗಾಬರಿಯಿಂದ ನಿಲ್ಲಿಸಿದಳು. ಈಗ ಯಾವುದು ನಿಜ? ಆರೋ, ಹನ್ನೆರಡೋ, ಇಪ್ಪತ್ತನಾಲ್ಕೋ?

"ಜಿಬೆಕ್!" ಹೊರಗಿನಿಂದ ಅಜ್ಜಿ ಕೂಗಿದರು. "ಮರಿ ಹಿಡ್ಕೊಳೋಕೆ ಬಾ! ಹಾಲು ಕರೆಯೋ ಹೊತ್ತು!"

ಹೆಣ್ಣು ಕುದುರೆ ತನ್ನ ಮರಿ ಪಕ್ಕದಲ್ಲಿದ್ದರೆ ಮಾತ್ರ ಹಾಲು ಬಿಡುತ್ತದೆ. ಜಿಬೆಕ್ ಮರಿಯ ಕತ್ತು ತಬ್ಬಿ ನಿಂತಳು. ಅಜ್ಜಿ ಒಂದು ಮೊಣಕಾಲೂರಿ ಚುರುಚುರು ಕರೆದರು. ಪಾತ್ರೆಯ ತಳ ಮುಚ್ಚುವಷ್ಟು ಹಾಲು ಬಂತು, ಅಷ್ಟೇ.

"ಇಷ್ಟೇನಾ?" ಎಂದಳು ಜಿಬೆಕ್. "ಹಸು ಆದ್ರೆ ಬಕೆಟ್ ತುಂಬುತ್ತೆ."

"ಹಸುವನ್ನ ದಿನಕ್ಕೆ ಎರಡು ಸಲ ಕರೀತೀವಿ. ಇವಳನ್ನ ಆರು ಸಲ. ಒಂದು ಸಲದ್ದು ನೋಡಿ ಮೂಗು ಮುರೀಬೇಡ. ಸಂಜೆ ಹಾಲು ತುಂಬೋ ಚರ್ಮದ ಚೀಲ ನೋಡಿ ಮಾತಾಡು," ಎಂದು ಅಜ್ಜಿ ಕುದುರೆಯ ಬೆನ್ನು ತಟ್ಟಿ ಮುಂದಿನದರ ಹತ್ತಿರ ಹೋದರು.

ಜಿಬೆಕ್ ಮರಿಯನ್ನು ಬಿಡುವುದನ್ನೇ ಮರೆತು ನಿಂತಳು. ಮರಿ ಅವಳ ಜಡೆ ಜಗಿಯತೊಡಗಿತು.

ಒಂದು ಸಲಕ್ಕೆ ಎಷ್ಟು. ದಿನಕ್ಕೆ ಎಷ್ಟು ಸಲ. ವ್ಯಾಟ್ ಎಂದರೆ ಬರೀ ಒಂದು ಸಲದ ಪಾತ್ರೆ! ಎಷ್ಟು ಹೊತ್ತು ಎಂದು ಕೇಳದಿದ್ದರೆ ಅದು ಏನೂ ಹೇಳುವುದಿಲ್ಲ. ಆರೂ ನಿಜ, ಇಪ್ಪತ್ತನಾಲ್ಕೂ ನಿಜ.

*

ಸಂಜೆ ತಾತ ಬಂದಾಗ ಕಂಬಳಿಯ ಮೇಲೆ ಚುಕೊ ಮೂಳೆಗಳ ಗುಡ್ಡೆ ಇತ್ತು.

"ದೀಪ ಒಂದು ಗಂಟೆ ಉರಿದ್ರೆ ಒಂದು ಮೂಳೆ," ಎಂದಳು ಜಿಬೆಕ್. "ದಿನಕ್ಕೆ ಮೂರು ಗಂಟೆ ಉರಿಯುತ್ತೆ. ಮೂರು ಮೂಳೆ. ರೇಡಿಯೊಗೆ ಒಂದು. ಎರಡು ಫೋನಿಗೆ ಮೂರು. ಒಟ್ಟು ಏಳು."

"ಹೂಂ," ಎಂದರು ತಾತ.

"ಇದು ಲ್ಯಾಪ್‌ಟಾಪ್‌ದು." ಅವಳು ಇನ್ನೊಂದು ಕಡೆ ಮೂಳೆಗಳನ್ನು ಇಡತೊಡಗಿದಳು. "ಫುಲ್ ಬೆಳಕಲ್ಲಿ ಎರಡು ಗಂಟೆ, ನಾಲ್ಕು ಮೂಳೆ. ಫೋಟೊ ಪೋಣಿಸೋದು ಒಂದು ಗಂಟೆ..." ಇಲ್ಲಿ ಅವಳ ದನಿ ಸಣ್ಣದಾಯಿತು. "ನಾಲ್ಕು ಮೂಳೆ."

ಅಜ್ಜಿ ಕತ್ತು ಚಾಚಿ ಎಣಿಸಿದರು. "ಇಡೀ ಮನೆಗೆ ಏಳು. ಇದೊಂದಕ್ಕೇ ಎಂಟು!"

ಜಿಬೆಕ್ ಕಣ್ಣು ತಗ್ಗಿಸಿದಳು. ಹಗಲೆಲ್ಲ ಅವಳಿಗೆ ಒಂದು ಆಸೆ ಕಾಡಿತ್ತು. ಎರಡು ಮೂಳೆ ಜೇಬಿನಲ್ಲೇ ಉಳಿದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಅಳೆದು ತೋರಿಸುತ್ತೇನೆ ಎಂದವಳು ಅವಳೇ.

ಅಷ್ಟರಲ್ಲಿ ದೀಪ ಹೋಯಿತು.

ಕತ್ತಲಲ್ಲಿ ತಿಲೆಕ್‌ನ ದನಿ ಬಂತು. "ಇವತ್ತು ಲ್ಯಾಪ್‌ಟಾಪ್ ಉಪವಾಸ ಇತ್ತಲ್ಲ? ಮತ್ತೆ ದೀಪ ಯಾಕೆ ಹೋಯ್ತು?"

"ನಿನ್ನೆ ತಿಂದದ್ದಕ್ಕೆ ಇವತ್ತು ಹೊಟ್ಟೆ ನೋವು," ಎಂದರು ಅಜ್ಜಿ.

ತಾತ ಮೇಣದಬತ್ತಿ ಹಚ್ಚಿದರು. ಮೂಳೆಗಳ ಮುಂದೆ ಕೂತು, ಗಡ್ಡ ತುರಿಸುತ್ತ ಬಹಳ ಹೊತ್ತು ನೋಡಿದರು.

"ಹೋದ ಬೇಸಿಗೆ ಇಲ್ಲಿ ಟಿವಿ ಇತ್ತಲ್ಲ?" ಎಂದರು.

"ಇತ್ತು. ಈಗ ಕೆಟ್ಟು ಬಂಡಿಮನೇಲಿ ಬಿದ್ದಿದೆ," ಎಂದರು ಅಜ್ಜಿ.

ತಿಲೆಕ್ ಟಾರ್ಚ್ ಹಿಡಿದು ಓಡಿದ. ಟಿವಿಯ ಬೆನ್ನಿನ ಮೇಲಿದ್ದ ಅಂಕೆ ಓದಿ ಓಡಿಬಂದ. "ನಲವತ್ತು ವ್ಯಾಟ್!"

"ದಿನಾ ಮೂರು ಗಂಟೆ ನೋಡ್ತಿದ್ವಿ," ಎಂದರು ತಾತ. "ಎಷ್ಟು ಮೂಳೆ?"

ಜಿಬೆಕ್ ಬೆರಳು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಇಪ್ಪತ್ತು!"

"ಇಪ್ಪತ್ತು. ಮೇಲೆ ಈ ಏಳು. ಒಂದು ದಿನಾನೂ ದೀಪ ಹೋಗ್ಲಿಲ್ಲ." ತಾತ ಒಂದು ಮೂಳೆ ಎತ್ತಿ ತಿರುಗಿಸಿದರು. "ಅದೇ ಪ್ಯಾನೆಲ್, ಅದೇ ಬ್ಯಾಟರಿ. ಈ ಸಲ ಹದಿನೈದಕ್ಕೇ ಯಾಕೆ ಸುಸ್ತಾಯ್ತು?"

"ಬ್ಯಾಟರಿಗೆ ವಯಸ್ಸಾಯ್ತೇನೋ, ನಮ್ಮ ಹಾಗೆ," ಎಂದರು ಅಜ್ಜಿ.

"ಬೆಳಿಗ್ಗೆ ನೋಡ್ದೆ. ತುಂಬ್ತಾ ಇರೋ ಹಸಿರು ದೀಪ ಉರೀತಾ ಇತ್ತು."

ಲೆಕ್ಕ ಹೊಂದಲಿಲ್ಲ. ಹೊಂದದ ಲೆಕ್ಕವನ್ನು ಹಾಗೇ ಬಿಟ್ಟು ಮಲಗುವುದು ತಾತನಿಗೂ ಕಷ್ಟ, ಜಿಬೆಕ್‌ಗೂ ಕಷ್ಟ. ಆ ವಿಷಯದಲ್ಲಿ ಇಬ್ಬರೂ ಒಂದೇ.

*

ಫೋನ್ ಸಿಗ್ನಲ್ ಬೇಕಿದ್ದರೆ ಗುಡಾರದ ಹಿಂದಿನ ಗುಡ್ಡ ಹತ್ತಬೇಕು. ಶುಕ್ರವಾರ ಮಧ್ಯಾಹ್ನ ಜಿಬೆಕ್ ಏದುಸಿರು ಬಿಡುತ್ತ ಹತ್ತಿದಳು. ಅಕ್ತೋಶ್ ಅವಳಿಗಿಂತ ಮೊದಲೇ ಮೇಲೆ ಹೋಗಿ ಬಾಲ ಅಲ್ಲಾಡಿಸುತ್ತ ನಿಂತಿತ್ತು.

"ಚಿಕ್ಕಮ್ಮ, ಕೇಳಿಸ್ತಿದೆಯಾ? ನನ್ನ ಲ್ಯಾಪ್‌ಟಾಪ್‌ನ ಟ್ರಕ್ ಹತ್ತಿಸ್ತಾರಂತೆ!"

ಅವಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಸೊನ್ನೆಯ ಕತೆ ಕೇಳಿ ಚಿಕ್ಕಮ್ಮ ನಕ್ಕರು. ಮೂಳೆಗಳ ಲೆಕ್ಕ ಕೇಳಿ ನಗು ನಿಲ್ಲಿಸಿದರು.

"ಇದನ್ನ ಯಾರು ಹೇಳಿಕೊಟ್ರೇ ನಿಂಗೆ?"

"ಕುದುರೆ," ಎಂದಳು ಜಿಬೆಕ್.

"ಭಲೇ. ಇನ್‌ವರ್ಟರ್ ಪೆಟ್ಟಿಗೆ ಕೂಡ ಸ್ವಲ್ಪ ತಿನ್ನುತ್ತೆ. ಒಂದೆರಡು ಮೂಳೆ ಸೇರಿಸ್ಕೋ. ಆದ್ರೂ ದೀಪ ಹೋಗ್ಬಾರ್ದು. ನೋಡು ಪುಟ್ಟಿ, ನೀನು ಹೋಗೋದನ್ನೆಲ್ಲ ಅಳೆದಿದ್ದೀಯ. ಬರೋದನ್ನ ಅಳೆದ್ಯಾ?"

"ಬರೋದಾ?"

"ಬಿಸಿಲಿಂದ ಬರೋದು. ಅದನ್ನ ನಿನ್ನ ಪ್ರೋಗ್ರಾಂ ಹೇಳಲ್ಲ. ಅದಕ್ಕೆ ಕಣ್ಣೇ ಬೇಕು. ಹೋಗಿ ಪ್ಯಾನೆಲ್ ನೋ..."

ಸಿಗ್ನಲ್ ಹೋಯಿತು.

ಜಿಬೆಕ್ ತಿರುಗಿ ಕೆಳಗೆ ನೋಡಿದಳು. ನೀಲಿ ಸರೋವರ. ಹಸಿರು ಹುಲ್ಲು. ಬಿಳಿ ಗುಡಾರ. ಅದರ ಪಕ್ಕದಲ್ಲಿ ಬಂಡಿಮನೆಯ ತಗಡಿನ ಚಾವಣಿ. ಚಾವಣಿಯ ನಡುವೆ ಪ್ಯಾನೆಲ್ ಕಪ್ಪಗೆ ಕಾಣಬೇಕಿತ್ತು.

ಕಪ್ಪು ಎಲ್ಲೂ ಇರಲಿಲ್ಲ. ಅಲ್ಲೊಂದು ಬಿಳಿ ಚೌಕ ಇತ್ತು. ಬಿಳಿಯ ಮೇಲೆ ಸಾಲು ಸಾಲು ಚುಕ್ಕೆಗಳು.

ಅವಳು ಗುಡ್ಡ ಇಳಿಯಲಿಲ್ಲ, ಹಾರಿದಳು.

ಬಂಡಿಮನೆಗೆ ಏಣಿ ಒರಗಿಸಿತ್ತು. ಏಣಿಯ ಬುಡದಲ್ಲಿ ಕಾವಲುಗಾರನ ಹಾಗೆ ತಿಲೆಕ್ ಕೂತಿದ್ದ. ಅವನ ಒಂದು ಕೆನ್ನೆ ಉಬ್ಬಿತ್ತು. ಏಣಿಯ ತುದಿಯಲ್ಲಿ ಅಜ್ಜಿ ನಿಂತು, ಪ್ಯಾನೆಲ್ ಮೇಲೆ ಹಾಸಿದ ಬಟ್ಟೆಯಲ್ಲಿ ಕುರುತ್ ಉಂಡೆಗಳನ್ನು ಒಂದೊಂದೇ ಮಗ್ಗುಲು ಬದಲಿಸುತ್ತಿದ್ದರು. ಗಟ್ಟಿ ಮೊಸರಿಗೆ ಉಪ್ಪು ಹಾಕಿ, ಉಂಡೆ ಕಟ್ಟಿ ಒಣಗಿಸಿದರೆ ಕುರುತ್. ಒಣಗಿದ್ದು ಚಳಿಗಾಲದುದ್ದಕ್ಕೂ ಕೆಡುವುದಿಲ್ಲ.

"ಲೋ, ನಿಂಗೆ ಇದು ಗೊತ್ತಿತ್ತಾ?" ಎಂದಳು ಜಿಬೆಕ್.

ತಿಲೆಕ್ ಕೆನ್ನೆಯೊಳಗಿನದನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದ. "ಹೂಂ. ದಿನಾ ಏಣಿ ಹಿಡಿಯೋದು ನಾನೇ. ನೀನು ಒಳಗೆ ಫೋಟೊ ತೆಗೀತಾ ಇರ್ತೀಯ."

"ಹೇಳೋಕೇನಾಗಿತ್ತು?"

"ನೀನು ಕೇಳ್ಲಿಲ್ಲ. ಮತ್ತೆ ಅಜ್ಜಿ, ಎಲ್ಲಿ ಒಣಗ್ತಿದೆ ಅಂತ ಯಾರಿಗೂ ಹೇಳ್ಬೇಡ ಅಂದ್ರು. ಎಲ್ಲರೂ ಬಂದು ಕದ್ದು ತಿಂತಾರಂತೆ." ಅವನು ಬಾಯಿಯಲ್ಲಿದ್ದದ್ದನ್ನು ನುಂಗಿದ.

ಜಿಬೆಕ್ ಏಣಿ ಹತ್ತಿ ಅಜ್ಜಿಯ ಸೊಂಟದ ಪಕ್ಕದಿಂದ ತಲೆ ತೂರಿಸಿದಳು.

"ಬಂದ್ಯಾ?" ಅಜ್ಜಿ ಖುಷಿಯಲ್ಲಿದ್ದರು. "ನೋಡು, ಎಷ್ಟು ಚೆನ್ನಾಗಿ ಒಣಗಿದೆ! ಹೋದ ವರ್ಷದ ಹಾಗೆ ಕೆಳಗೆ ಹಲಗೆ ಮೇಲೆ ಇಟ್ಟಿದ್ದೆ. ಮೊದಲ ದಿನವೇ ನಿನ್ನ ಅಕ್ತೋಶ್ ಅರ್ಧ ತಿಂದು ಹಾಕಿದ. ಅದಕ್ಕೇ ಮೇಲೆ ತಂದೆ. ತಗಡೆಲ್ಲ ತುಕ್ಕು, ಉಬ್ಬು ತಗ್ಗು. ಈ ಗಾಜಾದ್ರೆ ಸಮ, ಕ್ಲೀನು, ಬೆಚ್ಚಗೆ ಒಲೆ ಇದ್ದ ಹಾಗೆ. ತಗೋ, ರುಚಿ ನೋಡು. ಹುಳಿ ಜಾಸ್ತಿ ಇರೋದು. ನಿಂಗೇ ಅಂತ ಮಾಡಿದ್ದು, ಸ್ಕೂಲಿಗೆ ತಗೊಂಡು ಹೋಗೋಕೆ."

ಜಿಬೆಕ್ ಬಾಯಿ ತೆರೆದಳು. ಹೇಳಬೇಕೆಂದಿದ್ದ ಮಾತು ಬರುವ ಮೊದಲೇ ಅಜ್ಜಿ ಒಂದು ಉಂಡೆ ಒಳಗಿಟ್ಟರು. ಅದು ಕಣ್ಣು ಮುಚ್ಚಿಸುವಷ್ಟು ಹುಳಿ ಇತ್ತು. ಅವಳಿಗೆ ಬಹಳ ಇಷ್ಟವಾದ ಹುಳಿ.

ಅದನ್ನು ಚೀಪಿ ಮುಗಿಸುವವರೆಗೆ ಅವಳು ಮಾತಾಡುವ ಹಾಗಿರಲಿಲ್ಲ. ಅಷ್ಟರಲ್ಲಿ ಸಿಟ್ಟೂ ಸ್ವಲ್ಪ ಕರಗಿತು.

"ಅಜ್ಜಿ," ಎಂದಳು ಕೊನೆಗೆ, "ಬಟ್ಟೆ ಮುಚ್ಚಿದ್ರೆ ಇದಕ್ಕೆ ಬಿಸಿಲು ಸಿಗುತ್ತಾ?"

"ತೆಳು ಬಟ್ಟೆ ಕಣೇ. ಮುಟ್ಟಿ ನೋಡು, ಗಾಜು ಹೇಗೆ ಸುಡ್ತಿದೆ! ನಾನು ದಿನಾ ಮುಟ್ಟಿ ನೋಡೇ..."

ಅಜ್ಜಿಯ ಕೈ ಉಂಡೆಯ ಮೇಲೆಯೇ ನಿಂತಿತು. ಅವರು ಪ್ಯಾನೆಲ್ ನೋಡಿದರು. ಸೂರ್ಯನನ್ನು ನೋಡಿದರು. ಮತ್ತೆ ಪ್ಯಾನೆಲ್ ನೋಡಿದರು.

"ಇದಕ್ಕೆ ಬೇಕಾಗಿರೋದು ಬಿಸಿ ಅಲ್ಲ ಅಜ್ಜಿ. ಬೆಳಕು."

"ಹಾಗಾದ್ರೆ ದೀಪದ ಪಾಲು ತಿಂದದ್ದು..." ಎಂದರು ಅಜ್ಜಿ. ಉಂಡೆಗಳ ಸಾಲಿನ ಮೇಲೆ ಕಣ್ಣಾಡಿಸಿ, ಸೆರಗಿನ ಹಾಗೆ ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಜಿಬೆಕ್ ಹೆದರಿದಳು. ಅವರು ನಗುತ್ತಿದ್ದರು. ಏಣಿಯೂ ಅವರ ಜೊತೆ ಅಲುಗಿತು.

"ಅಜ್ಜಿ, ಬೀಳ್ತೀರಾ!" ಎಂದು ಕೆಳಗಿನಿಂದ ತಿಲೆಕ್ ಕಿರುಚಿದ.

"ನಿಮ್ಮ ತಾತಂಗೆ ಗೊತ್ತಾದ್ರೆ," ಎಂದರು ಅಜ್ಜಿ ಕಣ್ಣೊರೆಸಿಕೊಂಡು, "ಈ ಚಳಿಗಾಲ ಪೂರ್ತಿ ಇದನ್ನೇ ಹೇಳಿ ಹೇಳಿ ನಗ್ತಾರೆ. ಆ ಬದಿ ಹಿಡಿ, ಬೇಗ."

ಇಬ್ಬರೂ ಬಟ್ಟೆಯನ್ನು ನಾಲ್ಕೂ ತುದಿ ಹಿಡಿದು ಎತ್ತಿದರು. ತಿಲೆಕ್ ಜೊಂಡಿನ ಹಳೆಯ ಚಾಪೆಯೊಂದನ್ನು ಎಳೆದು ತಂದ. ಅದನ್ನು ತಗಡಿನ ಮೇಲೆ, ಪ್ಯಾನೆಲ್‌ನಿಂದ ದೂರ ಹಾಸಿ, ಉಂಡೆಗಳನ್ನು ಅದರ ಮೇಲಿಟ್ಟರು. ಜಿಬೆಕ್ ತನ್ನ ತೋಳಿನಿಂದ ಗಾಜು ಒರೆಸಿದಳು. ಮೊಸರಿನ ಗುರುತುಗಳು ಹೋಗಿ ಅದು ಮತ್ತೆ ಕಪ್ಪಗೆ ಹೊಳೆಯಿತು.

ಆ ರಾತ್ರಿ ಊಟ ಮುಗಿದರೂ ದೀಪ ಉರಿಯುತ್ತಲೇ ಇತ್ತು. ತಾತ ಎರಡು ಸಲ ತಲೆಯೆತ್ತಿ ಅದನ್ನು ನೋಡಿದರು. ಶನಿವಾರ ಬೆಳಿಗ್ಗೆ ಅವರು ಹೊರಟ ಮೇಲೆ ಅಜ್ಜಿ ಪೆಟ್ಟಿಗೆ ತೆರೆದು ಚಾರ್ಜರ್ ತೆಗೆದು ಜಿಬೆಕ್‌ಳ ಮಡಿಲಿಗೆ ಹಾಕಿದರು.

"ಹಗಲಲ್ಲಿ, ಬಿಸಿಲಿದ್ದಾಗ ಮಾತ್ರ," ಎಂದರು. "ನಾನು ನಿಮ್ಮ ತಾತಂಗೆ ಹೇಳ್ಕೋತೀನಿ. ನಿನ್ನ ಕೆಂಪು ಕುದುರೆ ಗೆಲ್ಲಲಿ."

*

ಶನಿವಾರ ಸಂಜೆ ಗುಡಾರದ ತುಂಬ ಮಕ್ಕಳು. ಅವರ ಹಿಂದೆ ಅಮ್ಮಂದಿರು, ಬಾಗಿಲ ಹತ್ತಿರ ಟ್ರಕ್ ತಂದಿದ್ದ ಜೊಲ್ದೊಶ್ ಮಾಮ. ಅಜ್ಜಿ ಎಲ್ಲರಿಗೂ ಬಟ್ಟಲುಗಳಲ್ಲಿ ಹುಳಿ ಬರಿಸಿದ ಕುದುರೆ ಹಾಲು, ಕುಮಿಸ್ ಸುರಿದು ಕೊಟ್ಟರು. ಒಂದು ತಟ್ಟೆಯಲ್ಲಿ ಹೊಸ ಕುರುತ್ ಇಟ್ಟರು.

ಮೂಳೆ ಕುದುರೆಗಳು ಓಡಿದವು. ಕೆಂಪು ಮೂಳೆ ಬಿದ್ದಾಗ ಮಕ್ಕಳು "ಏಳು, ಏಳು!" ಎಂದು ಕೂಗಿದರು. ಗೆದ್ದಾಗ ಗುಡಾರ ಹಾರಿಹೋಗುವಷ್ಟು ಗದ್ದಲವಾಯಿತು. ಹೊರಗೆ ಅಕ್ತೋಶ್ ಬೊಗಳಿತು. "ಇನ್ನೊಂದ್ಸಲ, ಇನ್ನೊಂದ್ಸಲ!" ಎಂದು ಎಲ್ಲರೂ ಹಟ ಹಿಡಿದರು.

ಜಿಬೆಕ್ ಮತ್ತೆ ಹಾಕುವ ಮೊದಲು ಪ್ರೋಗ್ರಾಂ ತೆರೆದು ಒಮ್ಮೆ ಅಂಕೆ ನೋಡಿದಳು. ಪರದೆಯ ಬೆಳಕು ಸ್ವಲ್ಪ ಇಳಿಸಿದಳು. ಯಾರೂ ಅವಳಿಗೆ ಹೇಳಿರಲಿಲ್ಲ.

"ಎರಡು ದಿನದಿಂದ ದೀಪ ಹೋಗ್ಲೇ ಇಲ್ಲ," ಎಂದರು ತಾತ ಎಲ್ಲರಿಗೂ ಕೇಳುವ ಹಾಗೆ. "ಏನಾಗಿತ್ತು ಅಂತ ಸಿಕ್ತಾ ಅಳತೆಗಾರ್ತಿ?"

ಕುಮಿಸ್ ಸುರಿಯುತ್ತಿದ್ದ ಅಜ್ಜಿಯ ಕೈ ನಿಧಾನವಾಯಿತು.

ಈ ಗಳಿಗೆಗಾಗಿ ಜಿಬೆಕ್ ಬುಧವಾರದಿಂದ ಕಾದಿದ್ದಳು. ಎಲ್ಲರ ಮುಂದೆ, ಜೋರಾಗಿ, ಲ್ಯಾಪ್‌ಟಾಪ್ ಕಳ್ಳ ಅಲ್ಲ ಎಂದು ಹೇಳುವ ಗಳಿಗೆ. ಅವಳ ಜೇಬಿನಲ್ಲಿ ಚುಕೊ ಮೂಳೆಗಳಿದ್ದವು. ಬೆರಳಿಗೆ ಒಂದೊಂದಾಗಿ ಸಿಕ್ಕವು. ಹದಿನೈದರಲ್ಲಿ ಎಂಟು ಅವಳವೇ. ಮತ್ತೆ, ಕುರುತ್ ಚಾವಣಿ ಹತ್ತುವ ಹಾಗೆ ಮಾಡಿದ ನಾಯಿಮರಿಯೂ ಅವಳದೇ.

"ಪ್ಯಾನೆಲ್ ಮೇಲೆ ನೆರಳು ಬೀಳ್ತಿತ್ತು ತಾತ," ಎಂದಳು. "ಸರಿ ಮಾಡಿದ್ವಿ."

"ನೆರಳಾ?" ತಾತ ಹುಬ್ಬೇರಿಸಿದರು. "ಈ ಸುತ್ತಿನಲ್ಲಿ ಒಂದೇ ಒಂದು ಮರ ಇಲ್ವಲ್ಲ. ಯಾವುದರ ನೆರಳು?"

ತಿಲೆಕ್ ಬಾಯಿ ತೆರೆದ. ಅಜ್ಜಿ ತಕ್ಷಣ ಅದರೊಳಗೆ ಒಂದು ಕುರುತ್ ಇಟ್ಟರು.

ತಾತ ತಿಲೆಕ್‌ನನ್ನು ನೋಡಿದರು. ಅಜ್ಜಿಯನ್ನು ನೋಡಿದರು. ಆಮೇಲೆ ತಟ್ಟೆಯಿಂದ ತಾವೂ ಒಂದು ಉಂಡೆ ತೆಗೆದು, ಬೆರಳಲ್ಲಿ ಒತ್ತಿ, ಬಾಯಿಗೆ ಹಾಕಿಕೊಂಡರು.

"ಈ ಸಲ ಬಹಳ ಬೇಗ ಒಣಗಿದೆ," ಎಂದರು. ಅವರ ಗಡ್ಡದೊಳಗೆ ಏನೋ ಅಲುಗಿತು. ಜಿಬೆಕ್ ಅದನ್ನು ನೋಡಿದಳು. ಅಜ್ಜಿಯೂ ನೋಡಿದರು. "ಹಾಕಮ್ಮ ಇನ್ನೊಂದ್ಸಲ. ಆ ಕೆಂಪು ಕುದುರೆ ಯಾರ ಮಂದೇದು ಅಂತ ಸರಿಯಾಗಿ ನೋಡ್ಬೇಕು."

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಟ್ರಕ್ ಕೆಳಗೆ ಹೊರಟಿತು. ಅದರಲ್ಲಿ ಕುಮಿಸ್ ಕ್ಯಾನುಗಳು, ಎರಡು ಡಬ್ಬ ಕೆನೆ ಮತ್ತು ಕೆಟ್ಟ ಟಿವಿ ಇದ್ದವು. ಲ್ಯಾಪ್‌ಟಾಪ್ ಇರಲಿಲ್ಲ.